ಒಂದು ಸೂರಿನ ವಂತಿಗೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇಲ್ಲ. ಎರಡರ ಕಷ್ಟವನ್ನೂ ಕಂಡುಂಡವರು ಹೇಳಿದ ಮಾತು ಅದು. ಆದರೆ ಗಾದೆ ಕಟ್ಟುವಲ್ಲಿಗೆ ನಿಂತುಬಿಡುತ್ತದೆ. ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಷ್ಟದ ವಿಚಾರವಾಗಿ ಅದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಕಾರಣವೂ ಉಂಟು. ಗಾದೆ ಹುಟ್ಟಿದ ಕಾಲದಲ್ಲಿ ಮನೆಯೆಂಬುದು ಒಂದು ಕುಟುಂಬದ್ದು. ಹೆಂಚು ಸರಿದರೆ ಯಜಮಾನ ಏಣಿ ಹಾಕಿ ಹತ್ತುತ್ತಿದ್ದ; ಗೋಡೆ ಬಿರಿದರೆ ಮನೆಯವರೇ ಮಣ್ಣು ಕಲಸುತ್ತಿದ್ದರು. ಖರ್ಚು ಯಾರದೆಂಬ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಈಗ ಇಪ್ಪತ್ತು ನಲವತ್ತು ಸಂಸಾರಗಳು ಒಂದೇ ಸೂರಿನ ಕೆಳಗೆ, ಒಂದರ ಮೇಲೊಂದರಂತೆ ವಾಸಿಸುವ ಕಾಲ. ಸೂರು ಸೋರಿದರೆ ಅದನ್ನು ಮುಚ್ಚಿಸುವ ಹಣ ಯಾರ ಕೈಯಿಂದ ಬರಬೇಕು? ಈ ಹೊತ್ತಿನ ನನ್ನ ಮಾತು ಈ ಸಣ್ಣ ಪ್ರಶ್ನೆಯನ್ನು ಕುರಿತದ್ದು. ಪ್ರಶ್ನೆ ಸಣ್ಣದಾದರೂ ಅದರ ಬೇರು ನಮ್ಮ ಶಾಸನಗಳವರೆಗೆ ಇಳಿದಿದೆ ಎಂಬುದು ನನ್ನ ತಿಳಿವಳಿಕೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆ ಪ್ರತ್ಯೇಕವಾಗಿ ರೂಪುಗೊಂಡದ್ದು 1986ರಲ್ಲಿ. ಆಗ ಇದು ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ದೇವನಹಳ್ಳಿಯ ಚಕ್ಕೋತದ ತೋಟಗಳ ಸೀಮೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನೆಲದ ಬೆಲೆ ಆಕಾಶಕ್ಕೇರಿತು. ನೆಲದ ಹಿಂದೆಯೇ ಮನೆಗಳೂ ಮೇಲಕ್ಕೇರಿದವು. ಒಂದಂಕಣ ಎರಡಂಕಣ ಎಂದು ಮನೆಯನ್ನು ಅಳೆಯುತ್ತಿದ್ದ ನಮ್ಮ ಜನ ಚದರ ಅಡಿಯ ಲೆಕ್ಕಕ್ಕೆ ಬಂದರು.

ಹಾಗೆಂದು ಕೂಡಿ ಬಾಳುವುದು ನಮಗೆ ತೀರ ಹೊಸದೇನೂ ಅಲ್ಲ. ದೊಡ್ಡಬಳ್ಳಾಪುರದ ನೇಕಾರರ ಹಳೆಯ ಬೀದಿಗಳಲ್ಲಿ ಸಾಲುಮನೆಗಳಿವೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಈ ಮನೆಯ ಮಗ್ಗದ ಸದ್ದು ಆ ಮನೆಯ ತೊಟ್ಟಿಲಿಗೆ ಕೇಳಿಸುತ್ತದೆ. ಬೆಂಗಳೂರಿನಲ್ಲಿ ವಠಾರಗಳಿದ್ದವು, ಒಂದು ಕೊಳಾಯಿಗೆ ಹತ್ತು ಬಿಂದಿಗೆಗಳ ಸಾಲು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಠಾರಕ್ಕೆ ಮಾಲೀಕ ಒಬ್ಬ. ಚಾವಣಿ ಸೋರಿದರೆ ಹತ್ತು ಸಂಸಾರಗಳೂ ಒಟ್ಟಾಗಿ ಅವನನ್ನು ಬಯ್ಯುತ್ತಿದ್ದವು. ಆ ಬೈಗುಳವೇ ಅವರಲ್ಲಿ ಒಂದು ಬಗೆಯ ಐಕಮತ್ಯವನ್ನು ಉಂಟುಮಾಡುತ್ತಿತ್ತು. ಫ್ಲಾಟುಗಳ ಕಟ್ಟಡದಲ್ಲಿ ಎಲ್ಲರೂ ಮಾಲೀಕರು. ಬಯ್ಯಲು ಹೊರಗಿನವನೊಬ್ಬನಿಲ್ಲದ ಕಾರಣ ನಾವು ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತೇವೆ.

ನಾನು ನಿವೃತ್ತನಾದ ಮೇಲೆ ನೆಲೆಸಿರುವ ಕಟ್ಟಡವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು. ಅಂತಸ್ತಿಗೆ ಆರರಂತೆ 24 ಮನೆ. ಅರ್ಧ ಮನೆಗಳು 900 ಚದರ ಅಡಿಯವು, ಉಳಿದರ್ಧ 1,200 ಚದರ ಅಡಿಯವು. 2022ರ ಮಳೆಗಾಲ ನಮ್ಮ ಸೀಮೆಯಲ್ಲಿ ಬಲವಾಗಿ ಸುರಿದದ್ದು ನಿಮಗೆ ನೆನಪಿರಬಹುದು. ಆ ವರ್ಷ ನಮ್ಮ ತಾರಸಿ ಬಿರುಕು ಬಿಟ್ಟು ಮೇಲ್ಮಹಡಿಯ ಆರೂ ಮನೆಗಳು ಸೋರತೊಡಗಿದವು. ಗಾರೆಯನ್ನು ಕಿತ್ತು, ಬಿರುಕು ತುಂಬಿ, ನೀರು ಇಳಿಯದಂತೆ ಲೇಪ ಹಾಕಿ, ಮತ್ತೆ ಇಳಿಜಾರು ಕೊಟ್ಟು ಗಾರೆ ಹಾಕಲು ಮೇಸ್ತ್ರಿ ಕೊಟ್ಟ ಅಂದಾಜು 5,04,000 ರೂಪಾಯಿ.

ಒಂದು ಭಾನುವಾರ ಎಲ್ಲರೂ ಸೇರಿದೆವು. ಆ ಸಭೆಯಲ್ಲಿ ಕೇಳಿಬಂದ ವಾದಗಳು ಇಂಥ ಯಾವ ಕಟ್ಟಡದಲ್ಲಾದರೂ ಕೇಳಿಬರುವಂಥವು. ಸೋರುವವರೇ ಕೊಡಬೇಕು ಎಂಬುದು ಮೊದಲನೆಯದು. ಹಾಗಾದರೆ ಮೇಲಿನ ಆರು ಮನೆಗಳಿಗೆ ತಲಾ 84,000 ರೂಪಾಯಿ. ಮನೆಗೊಂದು ಪಾಲು ಎಂಬುದು ಎರಡನೆಯದು, ತಲಾ 21,000. ವಿಸ್ತೀರ್ಣಕ್ಕೆ ತಕ್ಕಂತೆ ಎಂಬುದು ಮೂರನೆಯದು. ಚದರ ಅಡಿಗೆ 20 ರೂಪಾಯಿಯಂತೆ ಸಣ್ಣ ಮನೆಗೆ 18,000, ದೊಡ್ಡ ಮನೆಗೆ 24,000. ನಾಲ್ಕನೆಯದು ವಾದವಲ್ಲ, ಅಭ್ಯಾಸ: ಈಗೇನು ಅವಸರ, ಮುಂದಿನ ವರ್ಷ ನೋಡೋಣ ಎಂಬುದು.

ನೆಲಮಹಡಿಯಲ್ಲಿ ಮಗ್ಗಗಳನ್ನಿಟ್ಟು ರೇಷ್ಮೆಸೀರೆ ನೇಯಿಸುವ ಹಿರಿಯರೊಬ್ಬರಿದ್ದಾರೆ. ಅವರು ಎದ್ದು ನಿಂತು, "ನೋಡಿ ಮೇಷ್ಟ್ರೇ, ಮಳೆ ಸೋರೋದು ಮೇಲಿನವರ ಮನೆಗೆ. ನಾನು ತಾರಸಿ ಹತ್ತಿದವನಲ್ಲ, ಲಿಫ್ಟು ಮುಟ್ಟಿದವನಲ್ಲ. ನಾನ್ಯಾಕೆ ಕೊಡಲಿ?" ಎಂದರು. ಮೇಲ್ಮಹಡಿಯಲ್ಲಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರು ಒಂಟಿಯಾಗಿದ್ದಾರೆ. ಅವರ ಅಡುಗೆಮನೆಯ ಚಾವಣಿಯ ಗಾರೆ ಆ ವೇಳೆಗೆ ಒಂದು ಹಿಡಿಯಷ್ಟು ಉದುರಿತ್ತು. ಅವರು ಧ್ವನಿ ಏರಿಸದೆ ಹೇಳಿದರು: "ಸಾಹುಕಾರ್ರೇ, ನನ್ನ ತಲೆಯ ಮೇಲೆ ತಾರಸಿ ಇದೆ. ನಿಮ್ಮ ತಲೆಯ ಮೇಲೆ ನಾವಿದ್ದೀವಿ. ಇಷ್ಟು ವರ್ಷ ನಿಮಗೆ ಬಿಸಿಲು ತಾಗದ ಹಾಗೆ ಸೂರಾಗಿದ್ದೀವಿ. ಬಾಡಿಗೆ ಕೇಳಿದ್ದೀವಾ?" ಸಭೆ ನಕ್ಕಿತು. ಸಾಹುಕಾರರೂ ನಕ್ಕರು. ಆದರೆ ಹಣದ ಪ್ರಶ್ನೆ ಇದ್ದಲ್ಲೇ ಇತ್ತು. ಅದಕ್ಕೆ ಉತ್ತರ ಹುಡುಕುತ್ತ ನಾನು, ನನ್ನ ವೃತ್ತಿಯ ಅಭ್ಯಾಸದಂತೆ, ಹಳೆಯ ಪುಸ್ತಕಗಳ ಬಳಿಗೆ ಹೋದೆ.

ಕನ್ನಡದಲ್ಲಿ ವಂತಿಗೆ ಎಂಬ ಸೊಗಸಾದ ಮಾತೊಂದಿದೆ. ಸಾರ್ವಜನಿಕ ಕಾರ್ಯವೊಂದಕ್ಕೆ ಮನೆಮನೆಯಿಂದ ಸಲ್ಲಬೇಕಾದ ಪಾಲು ಅದು. ದಾನ ಮನಸ್ಸಿದ್ದವರು ಕೊಡುವಂಥದು. ತೆರಿಗೆ ಅರಸು ಕೇಳಿ ಪಡೆಯುವಂಥದು. ವಂತಿಗೆ ಇವೆರಡರ ನಡುವಿನದು. ನಾನೂ ಈ ಊರಿನವನು ಎಂಬುದಕ್ಕೆ ನಾನು ಕೊಡುವ ಪ್ರಮಾಣ ಅದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಹುಟ್ಟಿದ್ದು ಈ ತಿಳಿವಳಿಕೆಯಿಂದಲೇ.

ನಮ್ಮ ಶಾಸನಗಳನ್ನು ಓದಿದವರಿಗೆ ಇನ್ನೊಂದು ಮಾತು ಪರಿಚಿತ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವುದು ಎಂದು ಅದರ ಅರ್ಥ. ದೇವಾಲಯಕ್ಕೆ ದತ್ತಿ ಬಿಡುವಾಗ ದೇವರ ಪೂಜೆಗೆ, ಅಂಗಭೋಗಕ್ಕೆ ಇಷ್ಟು ಎಂದು ಬರೆಸುವಂತೆಯೇ ಜೀರ್ಣೋದ್ಧಾರಕ್ಕೂ ಸೇರಿಸಿ ಭೂಮಿ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿ ವ್ಯಾಪಕವಾಗಿತ್ತು. ಇದನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಕಲ್ಲಿನ ಗುಡಿ ಎದ್ದು ನಿಂತಿದೆ. ಗಾರೆ ಇನ್ನೂ ಆರಿಲ್ಲ. ಆಗಲೇ ಅದನ್ನು ಕಟ್ಟಿಸಿದವನು, ಇದು ಒಂದು ದಿನ ಬಿರಿಯುತ್ತದೆ ಎಂದು ಒಪ್ಪಿಕೊಂಡು, ಅದರ ಖರ್ಚಿಗೆ ಮೂಲವನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದಾನೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯ ಎಂಬ ಆಶಯದ ಶ್ಲೋಕವೊಂದು ನಮ್ಮ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ನಾವು ಮನೆ ಕೊಂಡಾಗ ಗೃಹಪ್ರವೇಶಕ್ಕೆ ಊಟ ಹಾಕಿಸಿದೆವು. ಜೀರ್ಣೋದ್ಧಾರಕ್ಕೆ ಒಂದು ಕಾಸನ್ನಾದರೂ ಎತ್ತಿಟ್ಟವರು 24 ಮನೆಗಳಲ್ಲಿ ಒಬ್ಬರೂ ಇರಲಿಲ್ಲ.

ಗುಡಿಗಿಂತ ಕೆರೆಯ ಉದಾಹರಣೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ನಮ್ಮದು ವರ್ಷವಿಡೀ ಹರಿಯುವ ದೊಡ್ಡ ಹೊಳೆಯಿಲ್ಲದ ಸೀಮೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನೂ ಅದರ ಹಳ್ಳಗಳನ್ನೂ ಅಲ್ಲಲ್ಲಿ ತಡೆದು ಕೆರೆ ಕಟ್ಟಿಯೇ ನಮ್ಮ ಹಿರಿಯರು ಬದುಕಿದರು. ದೊಡ್ಡಬಳ್ಳಾಪುರದ ನಾಗರಕೆರೆ, ಮಧುರೆಯ ಕೆರೆ, ದೇವನಹಳ್ಳಿಯ ಸಿಹಿನೀರು ಕೆರೆ, ಹೊಸಕೋಟೆಯ ದೊಡ್ಡಕೆರೆ ಇವೆಲ್ಲ ಆ ಬಾಳಿನ ಗುರುತುಗಳು. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಂದುಗೂಡಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟವಾಗಿ ಪ್ರಕಟಿಸಿದರು. ಇಂಥ ಸಂಪುಟಗಳ ಓದುಗರಿಗೆ ಕೆರೆಯ ಸುತ್ತ ಬೆಳೆದ ಮಾತುಗಳ ಒಂದು ಸಂಸಾರವೇ ಕಾಣಿಸುತ್ತದೆ: ಬಿತ್ತುವಟ್ಟ, ದಶವಂದ, ಕೊಡಗೆ. ಕೆರೆಯ ನೀರಿನಿಂದ ಬೆಳೆದ ಭೂಮಿಯ ಹುಟ್ಟುವಳಿಯಲ್ಲಿ ಒಂದು ಭಾಗ ಕೆರೆಯ ಪಾಲನೆಗೆ ಮೀಸಲು, ಅದು ಬಿತ್ತುವಟ್ಟ. ಕೆರೆಯನ್ನು ಕಟ್ಟಿಸಿದವನಿಗೆ, ದುರಸ್ತಿ ಮಾಡಿಸಿದವನಿಗೆ ಅದರ ಕೆಳಗೆ ಭೂಮಿ ಬಿಡುವುದು ದಶವಂದ. ಹೆಸರೇ ಹೇಳುವಂತೆ ಹತ್ತರಲ್ಲೊಂದು ಪಾಲಿನ ಕಲ್ಪನೆ ಅದು. ತೂಬೆತ್ತಿ ಗದ್ದೆಗದ್ದೆಗೆ ನೀರು ಹಾಯಿಸುವ ನೀರುಗಂಟಿಗೆ ಕಣದಲ್ಲೇ ಎಲ್ಲರೂ ಧಾನ್ಯ ಅಳೆಯಬೇಕು.

ಇಲ್ಲಿ ಪಾಲಿನ ನ್ಯಾಯ ಯಾವುದು? ಕೆರೆಯ ಏರಿಯ ಮೇಲೆ ಮಣ್ಣು ಹೊರುವ ಕೆಲಸ ಸಾಮಾನ್ಯವಾಗಿ ಅಚ್ಚುಕಟ್ಟಿನಲ್ಲಿ ಅವರವರ ಹಿಡುವಳಿ ಎಷ್ಟೋ ಅಷ್ಟಕ್ಕೆ ತಕ್ಕಂತೆ ಬರುತ್ತಿತ್ತು. ತೂಬಿನ ಬಾಯಲ್ಲಿ ಗದ್ದೆಯಿರುವವನಿಗೆ ನೀರು ಮೊದಲು ಸಿಗುತ್ತದೆ, ಬಾಲದಲ್ಲಿರುವವನಿಗೆ ಕೊನೆಗೆ. ಆದರೆ ಏರಿ ಒಡೆದರೆ ಕೊಚ್ಚಿಕೊಂಡು ಹೋಗುವುದು ಎಲ್ಲರ ಗದ್ದೆ. ಆದ್ದರಿಂದ ಸೋರುವುದು ನನ್ನ ಗದ್ದೆಯ ಮೇಲಲ್ಲ ಎಂದು ಹೇಳಿ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ತಪ್ಪಿಸಿಕೊಳ್ಳುವವರು ಹಿಂದೆಯೂ ಇದ್ದರೆನ್ನುವುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. ಹಲವರು ಕೂಡಿ ಕಟ್ಟೆ ಕಟ್ಟುವ ಕಾರ್ಯದಿಂದ ಒಬ್ಬನು ಹಿಂದೆಗೆದರೆ ಅವನ ಆಳುಗಳೂ ಎತ್ತುಗಳೂ ಕೆಲಸ ಮಾಡಲೇಬೇಕು, ಖರ್ಚಿನಲ್ಲಿ ಅವನಿಗೆ ಪಾಲುಂಟು, ಫಲದಲ್ಲಿ ಪಾಲಿಲ್ಲ ಎಂದು ಆ ಗ್ರಂಥ ವಿಧಿಸುತ್ತದೆ. ಎಷ್ಟು ನಿಷ್ಠುರ, ಆದರೆ ಎಷ್ಟು ಸ್ಪಷ್ಟ! ನಮ್ಮ ಸಭೆಯ ಮೊದಲನೆಯ ವಾದ ಇಲ್ಲಿ ಬಿದ್ದುಹೋಯಿತು.

ಹಳೆಯದೆಲ್ಲವನ್ನೂ ನಾನು ಹೊಗಳುತ್ತಿದ್ದೇನೆಂದು ಭಾವಿಸಬೇಡಿ. ಕೆರೆಗೆ ಹಾರ ಎಂಬ ಜನಪದ ಕಥನಗೀತೆ ನಿಮಗೆಲ್ಲ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬರುವುದಿಲ್ಲ. ಬಲಿ ಕೊಡಬೇಕೆಂದು ಜೋಯಿಸರು ಹೇಳುತ್ತಾರೆ. ಲೆಕ್ಕ ಹಾಕಿ ಹಾಕಿ ಕೊನೆಗೆ ಹಿರಿಯ ಸೊಸೆಯನ್ನು ಬಿಟ್ಟು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಆ ಹಾಡನ್ನು ತ್ಯಾಗದ ಕಥೆಯೆಂದು ಪಾಠ ಹೇಳುವುದುಂಟು. ನಾನು ಅದನ್ನು ಹಂಚಿಕೆಯ ಕಥೆಯೆಂದೂ ಓದುತ್ತೇನೆ. ನೀರು ಊರಿಗೆಲ್ಲ ಬೇಕು. ಅದರ ಬೆಲೆಯನ್ನು ತೆತ್ತವಳು ಒಬ್ಬಳು. ಅವಳನ್ನು ಆರಿಸಿದ್ದು ಅವಳಿಗೆ ಇಲ್ಲವೆನ್ನುವ ಬಾಯಿಲ್ಲ ಎಂಬ ಕಾರಣಕ್ಕೆ. ಎಲ್ಲರಿಗೂ ಸೇರಿದ ಹೊರೆಯನ್ನು ಹಂಚುವ ಕ್ರಮ ಗೊತ್ತಿಲ್ಲದಿದ್ದರೆ ಅದು ತಾನಾಗಿ ಇಳಿಜಾರಿನ ಕಡೆ ಹರಿದು, ತಡೆಯಲಾರದವರ ಮೇಲೆ ಬಂದು ನಿಲ್ಲುತ್ತದೆ. ಮೇಲ್ಮಹಡಿಯ ಆರು ಮನೆಗಳೇ ಕೊಡಲಿ ಎಂದಾಗ ನನಗೆ ಭಾಗೀರಥಿಯ ನೆನಪು ಬಂತು.

ಇನ್ನು ಹೊರಗಿನ ಲೋಕದ ಕಡೆಗೆ ಒಂದು ನೋಟ. ಒಂದೇ ಕಟ್ಟಡದ ಬೇರೆ ಬೇರೆ ಅಂತಸ್ತುಗಳು ಬೇರೆ ಬೇರೆಯವರವಾಗಿದ್ದರೆ ದುರಸ್ತಿ ಯಾರದು ಎಂಬ ಪ್ರಶ್ನೆಗೆ ಫ್ರಾನ್ಸಿನವರು 1804ರ ತಮ್ಮ ನಾಗರಿಕ ಸಂಹಿತೆಯಲ್ಲೇ ಉತ್ತರ ಬರೆದಿದ್ದರು. ಮುಖ್ಯ ಗೋಡೆಗಳೂ ಸೂರೂ ಎಲ್ಲರ ಹೊಣೆ, ಅವರವರ ಅಂತಸ್ತಿನ ಬೆಲೆಗೆ ತಕ್ಕಂತೆ. ತಾನು ನಡೆದಾಡುವ ನೆಲ ಅವರವರದು. ಮೆಟ್ಟಿಲಿನ ವಿಚಾರ ಸ್ವಾರಸ್ಯವಾದದ್ದು: ಮೊದಲ ಮಹಡಿಯವನು ತನ್ನ ಮನೆಯವರೆಗಿನ ಮೆಟ್ಟಿಲು ಕಟ್ಟಿಸಬೇಕು, ಅಲ್ಲಿಂದ ತನ್ನ ಮನೆಯವರೆಗಿನದನ್ನು ಎರಡನೆಯ ಮಹಡಿಯವನು ಕಟ್ಟಿಸಬೇಕು. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಬಾಳಿನಲ್ಲಿ ಒಂದು ಮೆಟ್ಟಿಲಸಾಲನ್ನು ಹೀಗೆ ತುಂಡರಿಸಿ ಸಾಕುವುದು ಹೇಗೆ? 1938ರ ಕಾನೂನು ಈ ವಿಧಿಯನ್ನು ತೆಗೆದುಹಾಕಿತು. 1965ರಲ್ಲಿ ಬಂದ ಕಾನೂನು ಖರ್ಚನ್ನು ಎರಡಾಗಿ ವಿಂಗಡಿಸಿತು. ಕಟ್ಟಡವನ್ನು ಉಳಿಸುವ ಖರ್ಚು ಎಲ್ಲರದು, ಅವರವರ ಮನೆಯ ಬೆಲೆಗೆ ತಕ್ಕಂತೆ; ಲಿಫ್ಟಿನಂಥ ಸೌಕರ್ಯದ ಖರ್ಚು ಆ ಸೌಕರ್ಯ ಯಾವ ಮನೆಗೆ ಎಷ್ಟು ಉಪಯುಕ್ತವೋ ಅದಕ್ಕೆ ತಕ್ಕಂತೆ. ನಮ್ಮ ಸಾಹುಕಾರರ ಲಿಫ್ಟಿನ ವಾದಕ್ಕೆ ಪ್ಯಾರಿಸ್ ನಗರದಲ್ಲಿ ಮನ್ನಣೆ ಸಿಕ್ಕೀತು. ತಾರಸಿಯ ವಾದಕ್ಕೆ ಅಲ್ಲಿಯೂ ಸಿಗಲಾರದು.

ನಮ್ಮ ರಾಜ್ಯದಲ್ಲಿ ಇರುವುದು ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ, 1972. ಒಡೆಯರು ಘೋಷಣಾಪತ್ರವೊಂದನ್ನು ಬರೆದು ನೋಂದಾಯಿಸಿ ತಮ್ಮ ಕಟ್ಟಡವನ್ನು ಈ ಕಾಯಿದೆಗೆ ಒಳಪಡಿಸಬೇಕು. ಹಾಗೆ ಒಳಪಟ್ಟ ಕಟ್ಟಡದಲ್ಲಿ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಸೂರು, ಮೆಟ್ಟಿಲು ಇವೆಲ್ಲ ಸಾಮಾನ್ಯ ಭಾಗಗಳು. ಅವುಗಳಲ್ಲಿ ಪ್ರತಿಯೊಬ್ಬನಿಗೂ ಒಡೆಯಲಾಗದ ಪಾಲುಂಟು. ಇಡೀ ಆಸ್ತಿಯ ಬೆಲೆಯಲ್ಲಿ ಅವನ ಮನೆಯ ಬೆಲೆ ನೂರಕ್ಕೆ ಎಷ್ಟೋ ಅಷ್ಟು ಆ ಪಾಲು. ಸಾಮಾನ್ಯ ಖರ್ಚೂ ಅದೇ ಪ್ರಮಾಣದಲ್ಲಿ ಅವನ ಮೇಲೆ ಬರುತ್ತದೆ. ಇನ್ನೊಂದು ವಿಧಿಯನ್ನು ಓದಿದಾಗ ನನಗೆ ಕೌಟಿಲ್ಯನ ಮಾತನ್ನೇ ಓದಿದಂತಾಯಿತು: ಸಾಮಾನ್ಯ ಭಾಗವನ್ನು ನಾನು ಬಳಸುವುದಿಲ್ಲವೆಂದು ಹೇಳಿಯಾಗಲಿ, ಮನೆಯನ್ನೇ ತೊರೆದಾಗಲಿ ಒಡೆಯನು ತನ್ನ ವಂತಿಗೆಯ ಹೊಣೆಯಿಂದ ಬಿಡಿಸಿಕೊಳ್ಳಲಾರ. ಕೊಡದೆ ಉಳಿಸಿದ ಹಣ ಆ ಮನೆಯ ಮೇಲಿನ ಭಾರವಾಗಿ ನಿಲ್ಲುತ್ತದೆ. ಬಾಗಿಲು ಹಾಕಿಕೊಂಡು ದೂರದ ಊರಿನಲ್ಲಿರುವ ಒಡೆಯರಿಗೂ, ಬಾಡಿಗೆದಾರರ ಕಡೆ ಕೈತೋರಿಸುವವರಿಗೂ ಇದು ಅನ್ವಯಿಸುತ್ತದೆ. ತಿಂಗಳ ನೀರು, ದೀಪ, ಕಾವಲಿನ ಖರ್ಚನ್ನು ಬಾಡಿಗೆದಾರ ಕೊಡುವುದು ವಾಡಿಕೆ. ಸೂರಿನ ದುರಸ್ತಿ ಸೂರಿನ ಒಡೆಯನದು. ಇನ್ನು ಹೊಸದಾಗಿ ಮನೆ ಕೊಳ್ಳುವವರು 2016ರ ಸ್ಥಿರಾಸ್ತಿ ಕಾಯಿದೆಯನ್ನು ನೆನಪಿಡಬೇಕು. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯಲ್ಲಿ ಅಥವಾ ಕೆಲಸಗಾರಿಕೆಯಲ್ಲಿ ದೋಷ ಕಂಡು ತಿಳಿಸಿದರೆ, ಕಟ್ಟಿಸಿ ಮಾರಿದವನೇ 30 ದಿನಗಳಲ್ಲಿ ತನ್ನ ಖರ್ಚಿನಿಂದ ಅದನ್ನು ಸರಿಪಡಿಸಬೇಕೆಂದು ಅದು ಹೇಳುತ್ತದೆ. ನಾವು ನಮ್ಮ ಮನೆಗಳಿಗೆ ಬಂದದ್ದು 2010ರಲ್ಲಿ. ಆ ಆಶ್ರಯ ನಮಗಿರಲಿಲ್ಲ.

ಈ ಎಲ್ಲವನ್ನೂ ಎರಡನೆಯ ಸಭೆಯ ಮುಂದಿಟ್ಟೆ. ಜೊತೆಗೆ ಒಂದು ಸರಳ ಗಣಿತವನ್ನೂ ಇಟ್ಟೆ. ಮನೆಗೊಂದು ಪಾಲು, ವಿಸ್ತೀರ್ಣಕ್ಕೊಂದು ಪಾಲು ಎಂಬ ಎರಡು ಕ್ರಮಗಳ ನಡುವಿನ ಅಂತರ ಯಾವ ಮನೆಗೂ 3,000 ರೂಪಾಯಿಗಿಂತ ಹೆಚ್ಚಿಲ್ಲ. ಈ ಮೂರು ಸಾವಿರಕ್ಕಾಗಿ ನಾವು ಮೂರು ತಿಂಗಳು ಜಗಳವಾಡಿದರೆ ನೀರು ಸುಮ್ಮನೆ ಕಾಯುವುದಿಲ್ಲ. ಕಾಂಕ್ರೀಟಿನೊಳಕ್ಕೆ ಇಳಿದ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ನೂಕಿ ಕಾಂಕ್ರೀಟನ್ನು ಒಡೆಯುತ್ತದೆ. ಒಡೆದ ಬಿರುಕಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಇಂದು ಗಾರೆಯ ಖರ್ಚಿನಲ್ಲಿ ಮುಗಿಯುವುದು ನಾಳೆ ಚಾವಣಿಯ ಖರ್ಚಾಗುತ್ತದೆ. ಚಾವಣಿ ಹೋದ ಮೇಲೆ ನೆಲಮಹಡಿ ಎಂಬುದಕ್ಕೂ ಬೆಲೆಯಿಲ್ಲ.

ಮೇಲ್ಮಹಡಿಯ ತರುಣನೊಬ್ಬ ಇನ್ನೊಂದು ಮಾತು ಸೇರಿಸಿದ. ನೀರು ಮೇಲಿನಿಂದ ಇಳಿದರೆ ಮೊದಲು ನೆನೆಯುವುದು ಅವನ ಮನೆ. ಆದರೆ ಚರಂಡಿಯ ಕೊಳವೆ ಕಟ್ಟಿಕೊಂಡು ಕೊಳಚೆ ಹಿಂದಕ್ಕೆ ಉಕ್ಕಿದರೆ ಮೊದಲು ತುಂಬುವುದು ನೆಲಮಹಡಿಯ ಬಚ್ಚಲು. ಆ ದಿನ ಮೇಲಿನವರು, ಅದು ನಿಮ್ಮ ಬಚ್ಚಲು ಎಂದು ಹೇಳಬಹುದೇ? ಒಂದೇ ಕಟ್ಟಡದಲ್ಲಿ ಸಂಕಟ ಸರದಿಯ ಮೇಲೆ ಬರುತ್ತದೆ. ಪ್ರಾಚೀನ ರೋಡ್ಸ್ ದ್ವೀಪದ ನಾವಿಕರ ಹೆಸರಿನಲ್ಲಿ ಬಂದು ರೋಮನರ ನ್ಯಾಯದಲ್ಲಿ ಸೇರಿಹೋದ ಧರ್ಮವೊಂದಿದೆ: ಬಿರುಗಾಳಿಯಲ್ಲಿ ಹಡಗನ್ನು ಹಗುರಮಾಡಲು ಒಬ್ಬನ ಸರಕನ್ನು ಕಡಲಿಗೆಸೆದರೆ, ಸರಕು ಉಳಿದವರೆಲ್ಲರೂ ಸೇರಿ ಆ ನಷ್ಟವನ್ನು ತುಂಬಿಕೊಡಬೇಕು. ಯಾರ ಮೂಟೆ ಕೈಗೆ ಸಿಕ್ಕಿತೆಂಬುದು ಅದೃಷ್ಟದ ಮಾತು. ಹಡಗು ಮಾತ್ರ ಎಲ್ಲರದು.

ಕೊನೆಗೆ ವಿಸ್ತೀರ್ಣದ ಪ್ರಮಾಣದಲ್ಲಿ ಕೊಡುವುದೆಂದು ತೀರ್ಮಾನವಾಯಿತು. ನಮ್ಮ ಮನೆಗಳ ಬೆಲೆಯ ಅಂತರವೂ ಹೆಚ್ಚು ಕಡಿಮೆ ವಿಸ್ತೀರ್ಣದ ಅಂತರವೇ. ಹಣ ಸಂಗ್ರಹಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಗಾದೆಯನ್ನು ನೆನೆಯುತ್ತಲೇ ಒಪ್ಪಿಕೊಂಡೆ. ಆ ಕೆಲಸದಲ್ಲಿ ಕಂಡ ಎರಡು ಸಂಗತಿಗಳನ್ನು, ಸಂಬಂಧಪಟ್ಟವರ ಅನುಮತಿ ಪಡೆದೇ, ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಹಣ ತಂದುಕೊಟ್ಟವರು ಆ ಉಪಾಧ್ಯಾಯಿನಿ. ಪಿಂಚಣಿಯಲ್ಲಿ ಬಾಳುವವರಿಗೆ 18,000 ರೂಪಾಯಿ ದೊಡ್ಡ ಮೊತ್ತವೆಂದು ಭಾವಿಸಿ, ಕಂತಿನಲ್ಲಿ ಕೊಡಿ ಅಮ್ಮಾ ಎಂದೆ. "ಬೇಡಿ ಮೇಷ್ಟ್ರೇ. ಸೋರುವ ಮನೆಯವಳೇ ಕಡೆಗೆ ಕೊಟ್ಟರೆ ಬೇರೆಯವರ ಬಾಯಿಗೆ ಮಾತು ಕೊಟ್ಟ ಹಾಗಾಗುತ್ತೆ" ಎಂದರು. ಎರಡನೆಯವರು ನೆಲಮಹಡಿಯ ಸಾಹುಕಾರರು. ಒಂದು ಸಂಜೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಹೇಳಿದರು: "ಹೊರಗಡೆಯಿಂದ ಅಗ್ಗದ ಸೀರೆ ಬಂದು ಬೀಳ್ತಾ ಇದೆ. ಎಂಟು ಮಗ್ಗದಲ್ಲಿ ಐದು ನಿಂತಿವೆ. ಸಭೆಯಲ್ಲಿ ದುಡ್ಡಿಲ್ಲ ಅನ್ನೋಕಾಗುತ್ತಾ, ಮೇಷ್ಟ್ರೇ? ನ್ಯಾಯ ಅಲ್ಲ ಅಂದೆ." ಅವರ 24,000 ರೂಪಾಯಿಯನ್ನು ತಿಂಗಳಿಗೆ 4,000ದಂತೆ ಆರು ಕಂತು ಮಾಡಿದೆವು. ಒಂದೂ ತಪ್ಪಲಿಲ್ಲ.

ಆ ಸಂಜೆಯ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ನ್ಯಾಯದ ಮಾತಾಡುವವನು ನ್ಯಾಯಕ್ಕಾಗಿಯೇ ಆಡುತ್ತಿರುತ್ತಾನೆಂದಾಗಲಿ, ಜಿಪುಣತನಕ್ಕಾಗಿ ಆಡುತ್ತಿರುತ್ತಾನೆಂದಾಗಲಿ ಹೇಳಲಾಗದು. ನಮ್ಮ ಸಮಾಜದಲ್ಲಿ ಮಾನವಂತನಿಗೆ ಇಲ್ಲವೆನ್ನುವುದಕ್ಕಿಂತ ಕೊಡೆನು ಎನ್ನುವುದು ಸುಲಭ. ಆದ್ದರಿಂದ ವಂತಿಗೆ ಎತ್ತುವವರಿಗೆ ಎರಡು ಪುಸ್ತಕಗಳು ಬೇಕು. ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕದ ಪುಸ್ತಕ ಎಲ್ಲರೆದುರು ತೆರೆದಿರಬೇಕು. ನಾವು ಪ್ರತಿ ಪೈಸೆಯ ರಸೀದಿಯನ್ನೂ ಮೆಟ್ಟಿಲ ಬಳಿಯ ಹಲಗೆಗೆ ಅಂಟಿಸಿದೆವು. ಯಾರು ಕಂತು ಕೇಳಿದರು, ಏಕೆ ಕೇಳಿದರು ಎಂಬ ಪುಸ್ತಕ ಮುಚ್ಚಿರಬೇಕು. ಬಾಕಿದಾರರ ಪಟ್ಟಿಯನ್ನು ಬಾಗಿಲಿಗೆ ಅಂಟಿಸುವ ಕಟ್ಟಡಗಳನ್ನು ಕಂಡಿದ್ದೇನೆ. ಅದರಿಂದ ಹಣ ಬಂದೀತು. ಮರುದಿನ ಲಿಫ್ಟಿನಲ್ಲಿ ಮುಖ ನೋಡುವುದು ಹೇಗೆ? ಪಾಲಿನ ಪ್ರಮಾಣದಲ್ಲಿ ಯಾರಿಗೂ ರಿಯಾಯಿತಿ ಬೇಡ, ಕಾಲದಲ್ಲಿ ರಿಯಾಯಿತಿ ಇರಲಿ ಎಂಬುದು ನಾವು ಕಂಡುಕೊಂಡ ಸೂತ್ರ. ಪ್ರಮಾಣವನ್ನು ಕಾಯಿದೆ ಹೇಳಬಲ್ಲುದು. ಕಾಲವನ್ನು ನೆರೆಹೊರೆಯೇ ಕೊಡಬೇಕು.

2023ರ ಮುಂಗಾರಿಗೆ ಮುನ್ನ ಕೆಲಸ ಮುಗಿಯಿತು. ಅದರ ಹಿಂದೆಯೇ ಚದರ ಅಡಿಗೆ ತಿಂಗಳಿಗೆ ಒಂದು ರೂಪಾಯಿಯಂತೆ ಜೀರ್ಣೋದ್ಧಾರ ನಿಧಿಯೊಂದನ್ನು ಆರಂಭಿಸಿದೆವು. ಸಣ್ಣ ಮನೆಗೆ 900, ದೊಡ್ಡ ಮನೆಗೆ 1,200; ಒಟ್ಟು ತಿಂಗಳಿಗೆ 25,200 ರೂಪಾಯಿ. ನಮ್ಮನ್ನು ಅಷ್ಟು ಕಾಡಿದ 5,04,000 ರೂಪಾಯಿ ಈ ಲೆಕ್ಕದಲ್ಲಿ 20 ತಿಂಗಳ ವಂತಿಗೆ, ಅಷ್ಟೆ. ನಿಧಿಗೆ ಹೆಸರಿಡುವಾಗ ನಾನು ಶಾಸನದ ಮಾತನ್ನು ಸೂಚಿಸಿದೆ. ಖಂಡಸ್ಫುಟಿತ ಎಂಬುದು ನಾಲಿಗೆಗೆ ಕಷ್ಟವೆಂದು ಸಭೆ ಜೀರ್ಣೋದ್ಧಾರವನ್ನು ಮಾತ್ರ ಉಳಿಸಿಕೊಂಡಿತು.

ಈ ಮಾತನ್ನು ಮುಗಿಸುವ ಮುನ್ನ ಮತ್ತೊಮ್ಮೆ ಕೆರೆಗಳ ಕಡೆ ತಿರುಗುತ್ತೇನೆ. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯಿತಿಗಳಿಗೆಂದೇ ಒಂದು ರೆಗ್ಯುಲೇಷನ್ ಮಾಡಿತ್ತು. ರೈತರೇ ಕೂಡಿ ತಮ್ಮ ಕೆರೆಯನ್ನು ನೋಡಿಕೊಳ್ಳುವ ಹಳೆಯ ವಾಡಿಕೆ ಸಡಿಲವಾಗುತ್ತಿದ್ದ ಕಾಲ ಅದು. ಮುಂದೆ ಕೆರೆ ಸರ್ಕಾರದ್ದೆಂಬ ಭಾವನೆ ಬಲಿಯಿತು, ಕೊಳವೆಬಾವಿಗಳು ಬಂದವು, ತನ್ನ ನೀರು ತನ್ನ ಹೊಲದಲ್ಲೇ ಸಿಕ್ಕವನಿಗೆ ಊರ ಕೆರೆ ಬೇಡವಾಯಿತು. ನೀರುಗಂಟಿಗೆ ಧಾನ್ಯ ಅಳೆಯುವವರು ಕಡಿಮೆಯಾದರು. ಕೆರೆಗಳಲ್ಲಿ ಹೂಳು ತುಂಬಿತು, ತೂಬುಗಳು ಮುಚ್ಚಿಹೋದವು. ಕೊಳವೆಬಾವಿಗಳು ಬತ್ತಿದ ಮೇಲೆ, ಅವುಗಳ ಒರತೆಗೆ ನೀರು ಉಣಿಸುತ್ತಿದ್ದುದು ಆ ಕೆರೆಯೇ ಎಂಬುದು ನಮಗೆ ತಿಳಿಯಿತು. ಯಾರೂ ಕೆಡಿಸಬೇಕೆಂದು ಕೆಡಿಸಲಿಲ್ಲ. ತನ್ನ ಪಾಲಿನ ಒಂದು ಬುಟ್ಟಿ ಮಣ್ಣನ್ನು ಪ್ರತಿಯೊಬ್ಬನೂ ಮುಂದಿನ ವರ್ಷಕ್ಕೆ ಬಿಟ್ಟ, ಅಷ್ಟೆ.

ಊರನ್ನು ಬಿಟ್ಟು ಬಂದ ನಾವು ಈ ಎತ್ತರದ ಕಟ್ಟಡಗಳಲ್ಲಿ ಮತ್ತೆ ಊರನ್ನು ಕಟ್ಟಬೇಕಾಗಿದೆ. ಅಡ್ಡಲಾಗಿ ಹರಡಿದ್ದ ಬೀದಿ ಈಗ ಉದ್ದಕ್ಕೆ ನಿಂತಿದೆ. ಏರಿ ಇದ್ದಲ್ಲಿ ತಾರಸಿ ಬಂದಿದೆ. ತೂಬು ಇದ್ದಲ್ಲಿ ಮೋಟಾರು ಬಂದಿದೆ. ನೀರುಗಂಟಿಯ ಜಾಗದಲ್ಲಿ ಕಾವಲುಗಾರ ಕುಳಿತಿದ್ದಾನೆ. ಪಾಲಿನ ಧರ್ಮ ಮಾತ್ರ ಬದಲಾಗಿಲ್ಲ. ನಿಮ್ಮ ನಿಮ್ಮ ಕಟ್ಟಡದಲ್ಲಿ ಈ ತಿಂಗಳು ವಂತಿಗೆಯ ಪುಸ್ತಕ ಹಿಡಿದು ಯಾರಾದರೂ ಬಾಗಿಲು ತಟ್ಟಿದರೆ ಒಳಕ್ಕೆ ಕರೆದು ಒಂದು ಲೋಟ ನೀರು ಕೊಡಿ. ಲೆಕ್ಕ ಕೇಳಿ, ಅದು ನಿಮ್ಮ ಹಕ್ಕು. ಆಮೇಲೆ ನಿಮ್ಮ ಪಾಲನ್ನು ಕೊಡಿ.